ಕೀಲು ಸಡಿಲವಾದರೂ ಬಿಡದ ನಂಟು

1991ರಲ್ಲಿ ಅಮೆರಿಕದ ಮಾರ್ವೆಲ್ ಪ್ರಕಾಶನ ತನ್ನ ‘ಟ್ರಾನ್ಸ್‌ಫಾರ್ಮರ್ಸ್’ ಕಾಮಿಕ್‌ನ ಕೊನೆಯ ಸಂಚಿಕೆಯನ್ನು ಹೊರತಂದಿತು. ಇದು ನಾಲ್ಕು ಸಂಚಿಕೆಗಳ ಕಿರುಮಾಲೆಯ 80ನೇ ಸಂಚಿಕೆ ಎಂದು ಅದರ ಮುಖಪುಟದ ಮೇಲೆ ಅಚ್ಚಾಗಿತ್ತು. ಲೆಕ್ಕ ಸರಿಯಾಗಿಯೇ ಇತ್ತು. 1984ರಲ್ಲಿ ಶುರುವಾದಾಗ ಅದು ನಾಲ್ಕೇ ಸಂಚಿಕೆಗೆ ಮುಗಿಯಬೇಕಿದ್ದ ಕತೆ. ಅಂಗಡಿಗೆ ಹೊಸದಾಗಿ ಬಂದ, ರೂಪ ಬದಲಿಸುವ ರೋಬೋ ಆಟಿಕೆಗಳ ಮಾರಾಟಕ್ಕೆ ಒಂದು ಕೈ ಹಚ್ಚಿ ಮರೆಗೆ ಸರಿಯಬೇಕಿದ್ದ ಕತೆ. ಓದುವ ಮಕ್ಕಳು ಬಿಡಲಿಲ್ಲ, ಅದು ಏಳು ವರ್ಷ ನಡೆಯಿತು.

ಅಷ್ಟರಲ್ಲಿ ಅಮೆರಿಕದ ಅಂಗಡಿಗಳಲ್ಲಿ ಆಟಿಕೆಗಳೂ ನಿಂತಿದ್ದವು. ಟಿವಿಯ ಕಾರ್ಟೂನ್ ಸರಣಿ 1987ರಲ್ಲೇ ಮುಗಿದಿತ್ತು. ಆಟಿಕೆ ವ್ಯಾಪಾರದ ಮಟ್ಟಿಗೆ ಇಂಥ ಸರಕಿನ ಆಯಸ್ಸು ಸಾಮಾನ್ಯವಾಗಿ ಅಷ್ಟೇ. ಕೆಲವು ಕ್ರಿಸ್‌ಮಸ್‌ಗಳು ಕಳೆಯುತ್ತವೆ, ಮಕ್ಕಳು ಬೆಳೆಯುತ್ತಾರೆ, ಪೆಟ್ಟಿಗೆ ಅಟ್ಟ ಸೇರುತ್ತದೆ. ಆದರೆ 2024ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿರುವ ‘ದ ಸ್ಟ್ರಾಂಗ್’ ವಸ್ತುಸಂಗ್ರಹಾಲಯ ತನ್ನ ರಾಷ್ಟ್ರೀಯ ಆಟಿಕೆ ಗೌರವ ಪಟ್ಟಿಗೆ ಟ್ರಾನ್ಸ್‌ಫಾರ್ಮರ್ಸ್ ಅನ್ನು ಸೇರಿಸಿಕೊಂಡಾಗ ಅದಕ್ಕೆ 40 ವರ್ಷ ತುಂಬಿತ್ತು, ಮೊದಲ ದಿನದ ಮಕ್ಕಳು ಇನ್ನೂ ಅದರ ಸುತ್ತಲೇ ಇದ್ದರು. ಕೆಲವರಂತೂ ಅದನ್ನು ಬರೆಯುವವರೂ ಚಿತ್ರಿಸುವವರೂ ಆಗಿದ್ದರು.

ಬಾಲ್ಯದ ನೆನಪಿನ ಸೆಳೆತ ಎಂದಷ್ಟೇ ಹೇಳಿ ಮುಗಿಸಿದರೆ ಈ ನಂಟಿನ ಒಳಗುಟ್ಟು ಸಿಗುವುದಿಲ್ಲ. ಅದೇ 1984ರಲ್ಲಿ ಟೊಂಕಾ ಕಂಪನಿ ‘ಗೋಬಾಟ್ಸ್’ ಎಂಬ ರೂಪ ಬದಲಿಸುವ ರೋಬೋಗಳನ್ನು ಮಾರುತ್ತಿತ್ತು. ಟ್ರಾನ್ಸ್‌ಫಾರ್ಮರ್ಸ್‌ನಂತೆ ಅವೂ ಜಪಾನಿನಿಂದಲೇ ಬಂದವು, ಅವಕ್ಕೂ ಹ್ಯಾನಾ-ಬಾರ್ಬೆರಾದ ಕಾರ್ಟೂನ್ ಇತ್ತು. ಅಂದಿನ ಮಕ್ಕಳಲ್ಲಿ ಲಕ್ಷಾಂತರ ಮಂದಿಗೆ ಅವು ನೆನಪಿವೆ. ಆದರೂ ಗೋಬಾಟ್ಸ್‌ಗೆ ಈ ಬಗೆಯ ಬಳಗ ಕಟ್ಟಿಕೊಳ್ಳಲಿಲ್ಲ. 1991ರಲ್ಲಿ ಟೊಂಕಾ ಕಂಪನಿಯನ್ನೇ ಟ್ರಾನ್ಸ್‌ಫಾರ್ಮರ್ಸ್ ತಂದ ಹ್ಯಾಸ್ಬ್ರೋ ಕಂಪನಿ ಕೊಂಡಿತು. ಟ್ರಾನ್ಸ್‌ಫಾರ್ಮರ್ಸ್ ಉಳಿದದ್ದಕ್ಕೆ ಕಾರಣ ಅದರ ಹುಟ್ಟಿನಲ್ಲೇ ಇದೆ. ಅದು ಅವಸರದಲ್ಲಿ ಜೋಡಿಸಿದ ಕತೆ. ಹೊಂದದ ಅಂಚುಗಳು, ಉತ್ತರವಿಲ್ಲದ ಪ್ರಶ್ನೆಗಳು ಅದರಲ್ಲಿ ಉದ್ದಕ್ಕೂ ಉಳಿದವು. ಅವನ್ನು ಸರಿಪಡಿಸುವ ಕೆಲಸವನ್ನು ಮಕ್ಕಳು ತಾವಾಗಿ ಕೈಗೆತ್ತಿಕೊಂಡರು, ದೊಡ್ಡವರಾದ ಮೇಲೂ ಬಿಡಲಿಲ್ಲ.

ಮೂಲ ಸರಕು ಜಪಾನಿನ ತಕಾರಾ ಕಂಪನಿಯದು. 1980ರಲ್ಲಿ ಅದು ‘ಡಯಾಕ್ಲೋನ್’ ಎಂಬ ಆಟಿಕೆ ಸಾಲನ್ನು ತಂದಿತ್ತು. ಅದರ ರೋಬೋಗಳಿಗೆ ಜೀವವಿರಲಿಲ್ಲ. ಪಾದದಲ್ಲಿ ಅಯಸ್ಕಾಂತವಿರುವ ಪುಟಾಣಿ ಚಾಲಕರು ಅವುಗಳೊಳಗೆ ಕೂತು ಓಡಿಸಬೇಕಿತ್ತು. 1983ರ ‘ಮೈಕ್ರೋ ಚೇಂಜ್’ ಸಾಲಿನ ಆಟವೇ ಬೇರೆ. ಅಲ್ಲಿ ಮನೆಯಲ್ಲಿ ಕಾಣುವ ಸಾಮಾನುಗಳೇ ರೋಬೋ ಆಗುತ್ತಿದ್ದವು: ಕ್ಯಾಸೆಟ್ ಪ್ಲೇಯರ್, ಮೈಕ್ರೋಸ್ಕೋಪ್, ಕ್ಯಾಮೆರಾ, ಪಿಸ್ತೂಲು. 1983ರಲ್ಲಿ ಟೋಕಿಯೋದ ಆಟಿಕೆ ಮೇಳದಲ್ಲಿ ಇವನ್ನು ಕಂಡ ಹ್ಯಾಸ್ಬ್ರೋದವರು ಎರಡನ್ನೂ ಒಯ್ದು ಒಂದೇ ಹೆಸರಿನಡಿ ಮಾರಲು ನಿರ್ಧರಿಸಿದರು. ಚಾಲಕರನ್ನು ಕೈಬಿಟ್ಟರು. ಈ ಯಂತ್ರಗಳಿಗೇ ಜೀವವಿದೆ, ಸೈಬರ್ಟ್ರಾನ್ ಎಂಬ ಲೋಹದ ಗ್ರಹದಿಂದ ಬಂದ ಎರಡು ಪಂಗಡಗಳಿವು ಎಂದರು. ಆಟೋಬಾಟ್‌ಗಳು ಒಳ್ಳೆಯವರು, ಡಿಸೆಪ್ಟಿಕಾನ್‌ಗಳು ಕೆಟ್ಟವರು. ಕತೆಯ ಹಂದರವನ್ನು ಮಾರ್ವೆಲ್‌ನ ಸಂಪಾದಕ ಜಿಮ್ ಶೂಟರ್ ಬರೆದುಕೊಟ್ಟರು.

ಹೆಸರು ಮತ್ತು ಗುಣ ಕೊಡುವ ಕೆಲಸ ಮಾರ್ವೆಲ್‌ನ ಇನ್ನೊಬ್ಬ ಸಂಪಾದಕ ಬಾಬ್ ಬುಡಿಯಾನ್ಸ್ಕಿ ಅವರ ಪಾಲಿಗೆ ಬಂತು. ನಾಯಕ ಆಪ್ಟಿಮಸ್ ಪ್ರೈಮ್‌ನ ಹೆಸರು ಮಾತ್ರ ಕಾಮಿಕ್ ಬರಹಗಾರ ಡೆನಿಸ್ ಓನೀಲ್ ಇಟ್ಟದ್ದು. ಮಿಕ್ಕ ಹೆಸರುಗಳಲ್ಲಿ ಬಹುಪಾಲು ಬುಡಿಯಾನ್ಸ್ಕಿ ಅವರವು. ಖಳನಾಯಕನಿಗೆ ಅವರು ಮೆಗಾಟ್ರಾನ್ ಎಂದು ಹೆಸರಿಟ್ಟಾಗ, ಮಕ್ಕಳಿಗೆ ಇದು ತೀರಾ ಭಯ ಹುಟ್ಟಿಸುತ್ತದೆ ಎಂದು ಹ್ಯಾಸ್ಬ್ರೋ ತಕರಾರು ತೆಗೆಯಿತು. ಖಳನ ಹೆಸರು ಭಯ ಹುಟ್ಟಿಸಬೇಕಲ್ಲವೇ ಎಂಬುದು ಬುಡಿಯಾನ್ಸ್ಕಿ ವಾದ. ಹೆಸರು ಉಳಿಯಿತು.

ಆ ಪೆಟ್ಟಿಗೆಗಳ ಹಿಂಬದಿಯನ್ನು ಇಂದಿಗೂ ಒಮ್ಮೆ ನೋಡಬೇಕು. ಪ್ರತಿ ಪಾತ್ರಕ್ಕೂ ಒಂದು ಚೀಟಿ, ಅದರಲ್ಲಿ ಅವನ ಕೆಲಸ, ಅವನು ನಂಬಿದ ಒಂದು ಮಾತು, ನಾಲ್ಕಾರು ಸಾಲಿನ ಪರಿಚಯ. ಕೆಳಗೆ ಬಲ, ಬುದ್ಧಿ, ವೇಗ, ಧೈರ್ಯ, ಕೌಶಲ ಹೀಗೆ ಎಂಟು ಗುಣಗಳ ಪಟ್ಟಿ. ಅದರ ಗೆರೆಗಳು ಕೆಂಪು ಬಣ್ಣದ ಗೋಜಲಿನಲ್ಲಿ ಅಡಗಿರುತ್ತಿದ್ದವು. ಪೆಟ್ಟಿಗೆಯಲ್ಲೇ ಇರುತ್ತಿದ್ದ ಕೆಂಪು ಪ್ಲಾಸ್ಟಿಕ್ ಹಾಳೆಯನ್ನು ಮೇಲಿಟ್ಟರೆ ಗೋಜಲು ಮಾಯವಾಗಿ ಅಂಕಗಳು ಕಾಣುತ್ತಿದ್ದವು. ಆಡುವ ಮೊದಲೇ ಮಗು ಆ ಪಾತ್ರದ ಒಳಗುಟ್ಟನ್ನು ತಾನೇ ಬಿಡಿಸಿದಂತಾಗುತ್ತಿತ್ತು.

ಮತ್ತೆ ಆ ಪರಿಚಯಗಳಲ್ಲಿ ಏನಿತ್ತು! ಹಫರ್ ಎಂಬ ಆಟೋಬಾಟ್‌ಗೆ ಊರ ನೆನಪಿನ ಕೊರಗು. ಸೈಬರ್ಟ್ರಾನ್‌ಗೆ ಮರಳುವುದೊಂದೇ ಅವನ ಹಂಬಲ. ಮಿರಾಜ್ ಉಳ್ಳವರ ಮನೆಯವನು, ಈ ಯುದ್ಧದಲ್ಲಿ ಅವನ ಮನಸ್ಸು ಪೂರ್ತಿ ಇಲ್ಲ. ಥಂಡರ್‌ಕ್ರ್ಯಾಕರ್ ಕೆಟ್ಟವರ ಪಂಗಡದಲ್ಲಿದ್ದರೂ ತಮ್ಮ ಕಡೆ ನ್ಯಾಯವಿದೆಯೇ ಎಂಬ ಶಂಕೆ ಅವನನ್ನು ಬಿಟ್ಟಿಲ್ಲ. ಸ್ಟಾರ್‌ಸ್ಕ್ರೀಮ್‌ಗೆ ತನ್ನ ನಾಯಕನನ್ನೇ ಕೆಳಗಿಳಿಸುವ ಆಸೆ. ಅಂಗೈಯಗಲದ ಆಟಿಕೆಗೆ ಇಷ್ಟು ಒಳತೋಟಿ ಕೊಡಬೇಕೆಂದು ಯಾವ ಕಾನೂನೂ ಹೇಳಿರಲಿಲ್ಲ. ಟಿವಿಯ ಕಾರ್ಟೂನ್‌ಗೆ ಇವನ್ನೆಲ್ಲ ಬಿಡಿಸಿ ಹೇಳಲು ವೇಳೆಯೂ ಇರಲಿಲ್ಲ; ಎಷ್ಟೋ ಪಾತ್ರಗಳು ಎರಡು ಮಾತಾಡಿ ಮರೆಯಾಗುತ್ತಿದ್ದವು. ಥಂಡರ್‌ಕ್ರ್ಯಾಕರ್‌ನ ಶಂಕೆ ಎಲ್ಲಿಗೆ ಮುಟ್ಟಿತು ಎಂಬುದನ್ನು ಮನೆಯ ನೆಲದ ಮೇಲೆ ಕೂತ ಹುಡುಗ ಅಥವಾ ಹುಡುಗಿಯೇ ಮುಂದುವರಿಸಬೇಕಿತ್ತು.

ಹೊಂದದ ಅಂಚುಗಳೂ ಹಾಗೆಯೇ ಕೆಲಸ ಕೊಟ್ಟವು. ಡಯಾಕ್ಲೋನ್‌ನ ಕಾರುಗಳು ನಿಜವಾದ ಕಾರಿನ ಕಿರುರೂಪ. ಮೈಕ್ರೋ ಚೇಂಜ್‌ನ ಸಾಮಾನುಗಳು ಹೆಚ್ಚುಕಡಿಮೆ ನಿಜದ ಗಾತ್ರದವು. ಎರಡೂ ಒಂದೇ ಕತೆಗೆ ಬಂದಾಗ ಪೇಚು ಶುರುವಾಯಿತು. ಮೆಗಾಟ್ರಾನ್ ರೋಬೋ ಆಗಿ ನಿಂತರೆ ಮನೆಯೆತ್ತರ, ವಾಲ್ಥರ್ ಪಿ38 ಪಿಸ್ತೂಲಾದರೆ ಕೈಯಲ್ಲಿ ಹಿಡಿಯುವಷ್ಟು. ಸೌಂಡ್‌ವೇವ್ ಕ್ಯಾಸೆಟ್ ಪ್ಲೇಯರ್ ಆಗಿ ಮೇಜಿನ ಮೇಲೆ ಕೂರುತ್ತಾನೆ. ಉಳಿದ ದೇಹವೆಲ್ಲ ಎಲ್ಲಿಗೆ ಹೋಯಿತು? ಈ ಒಂದು ಪ್ರಶ್ನೆಯ ಮೇಲೆ ಅಭಿಮಾನಿಗಳು ದಶಕಗಳಿಂದ ವಾದಿಸುತ್ತಿದ್ದಾರೆ, ಸಿದ್ಧಾಂತಗಳನ್ನು ಕಟ್ಟಿದ್ದಾರೆ. ಆಟೋಬಾಟ್ ಕಾರುಗಳ ಬಾಗಿಲು ತೆರೆದರೆ ಒಳಗೆ ಪುಟ್ಟ ಆಸನ ಇತ್ತು. ಅದು ಡಯಾಕ್ಲೋನ್ ಚಾಲಕನದು. ಅಮೆರಿಕದ ಮಕ್ಕಳಿಗೆ ಆ ಚಾಲಕನ ಸುಳಿವೇ ಇರಲಿಲ್ಲ. ಬ್ಲೂಸ್ಟ್ರೀಕ್ ಎಂಬ ಕಾರು ಪೆಟ್ಟಿಗೆಯ ಚಿತ್ರದಲ್ಲಿ ನೀಲಿ, ಒಳಗೆ ಬೆಳ್ಳಿ ಬಣ್ಣ. ನಿಜಕ್ಕೂ ನೀಲಿಯದು ಅಂಗಡಿಗೆ ಬಂದಿತ್ತೇ ಎಂದು ಸಂಗ್ರಾಹಕರು ಕಿತ್ತಾಡಿದ್ದಕ್ಕೆ ಲೆಕ್ಕವಿಲ್ಲ. 1984ರಲ್ಲಿ ಕೆಲವು ಕ್ಲಿಫ್‌ಜಂಪರ್, ಬಂಬಲ್‌ಬೀ ಎಂಬ ಕಾರುಗಳ ರಟ್ಟುಗಳ ಮೇಲೆ ಬೇರೆಯದೇ ಆದ ಮಜ್ದಾ ಕಾರೊಂದು ಬಂದುಬಿಟ್ಟಿತ್ತು. ಕಂಪನಿ ಅದಕ್ಕೆ ಹೆಸರೇ ಇಟ್ಟಿರಲಿಲ್ಲ. ಅಭಿಮಾನಿಗಳು ಎರಡು ಹೆಸರನ್ನೂ ಬೆಸೆದು ಬಂಬಲ್‌ಜಂಪರ್ ಎಂದರು. ಇಂದು ಅದು ಆ ಹೆಸರಿನಿಂದಲೇ ಗುರುತು.

ಇದೆಲ್ಲ ಹುಟ್ಟಿದ್ದು ಮಾರಾಟಕ್ಕಾಗಿ, ಅದನ್ನು ಮುಚ್ಚಿಡಬೇಕಿಲ್ಲ. ರೇಗನ್ ಆಡಳಿತದ ಕಾಲದಲ್ಲಿ ಅಮೆರಿಕದ ಪ್ರಸಾರ ನಿಯಂತ್ರಣ ಆಯೋಗ ಮಕ್ಕಳ ಕಾರ್ಯಕ್ರಮಗಳ ಮೇಲಿದ್ದ ಜಾಹೀರಾತು ಕಟ್ಟುಪಾಡುಗಳನ್ನು ಸಡಿಲಿಸಿತು. ಆಟಿಕೆಯನ್ನೇ ಕಥಾನಾಯಕನನ್ನಾಗಿಸಿದ ಅರ್ಧ ಗಂಟೆಯ ಕಾರ್ಟೂನ್‌ಗಳಿಗೆ ಬಾಗಿಲು ತೆರೆಯಿತು. 1984ರ ಸೆಪ್ಟೆಂಬರ್‌ನಲ್ಲಿ ಶುರುವಾದ ಟ್ರಾನ್ಸ್‌ಫಾರ್ಮರ್ಸ್ ಕಾರ್ಟೂನ್ ಆ ಬಾಗಿಲಿನಿಂದಲೇ ಬಂದದ್ದು. ಮಕ್ಕಳ ಕೈಯಿಂದ ಅಪ್ಪ ಅಮ್ಮನ ಜೇಬಿಗೆ ಕನ್ನ ಹಾಕುವ ಉಪಾಯವೆಂದು ಅಂದು ಅದನ್ನು ಟೀಕಿಸಿದವರ ಮಾತಿನಲ್ಲಿ ಹುರುಳಿತ್ತು. ಆದರೆ ಮಾರುವವರ ಲೆಕ್ಕಾಚಾರದೊಳಗೆ ಕೆಲಸ ಮಾಡಿದ ಬರಹಗಾರರು, ಕಲಾವಿದರು, ಕಂಠದಾನ ಮಾಡಿದವರು ಲೆಕ್ಕಾಚಾರಕ್ಕಿಂತ ಹೆಚ್ಚಿನದನ್ನು ಅದರಲ್ಲಿ ತುಂಬಿದರು ಎಂಬುದೂ ಅಷ್ಟೇ ನಿಜ.

ಪೀಟರ್ ಕಲನ್ ಅವರ ಉದಾಹರಣೆ ಸಾಕು. ಆಪ್ಟಿಮಸ್ ಪ್ರೈಮ್ ಪಾತ್ರದ ಧ್ವನಿ ಪರೀಕ್ಷೆಗೆ ಹೊರಟಾಗ ಅವರು ತಮ್ಮ ಅಣ್ಣ ಲ್ಯಾರಿಗೆ ವಿಷಯ ಹೇಳಿದರಂತೆ. ಲ್ಯಾರಿ ಅಮೆರಿಕದ ಮೆರೈನ್ ಪಡೆಯಲ್ಲಿ ಕ್ಯಾಪ್ಟನ್ ಆಗಿ ವಿಯೆಟ್ನಾಂನಲ್ಲಿ ಹೋರಾಡಿ ಬಂದವರು. ನಾಯಕನ ಪಾತ್ರವೆಂದರೆ ಕೂಗಾಟ, ಆರ್ಭಟ ಬೇಡ. ಮೃದುವಾಗಿರುವಷ್ಟು ಬಲ ಅವನಲ್ಲಿರಲಿ ಎಂದು ಅವರು ತಮ್ಮನಿಗೆ ಹೇಳಿದರು. ಕಲನ್ ಅಣ್ಣನ ದನಿಯನ್ನೇ ಮನಸ್ಸಿನಲ್ಲಿಟ್ಟು ಮಾತಾಡಿದರು. ಇದನ್ನು ಅವರು ಅಭಿಮಾನಿಗಳ ಮುಂದೆ ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ. ಆ ಕಾಲದ ಕಾರ್ಟೂನ್‌ಗಳಲ್ಲಿ ಗಂಟಲು ಹರಿದುಕೊಳ್ಳುವ ನಾಯಕರೇ ಹೆಚ್ಚಿದ್ದಾಗ, ಕೆಂಪು ಟ್ರಕ್ಕೊಂದು ತಗ್ಗಿದ, ಗಂಭೀರವಾದ, ಕಾಳಜಿಯ ದನಿಯಲ್ಲಿ ಮಾತಾಡಿತು. ಎಷ್ಟೋ ಮಕ್ಕಳಿಗೆ ಅದು ಮನೆಯ ಹಿರಿಯನೊಬ್ಬನ ದನಿಯಾಯಿತು.

ಹಾಗಿದ್ದವನನ್ನು 1986ರ ಆಗಸ್ಟ್‌ನಲ್ಲಿ ತೆರೆಯ ಮೇಲೆ ಸಾಯಿಸಲಾಯಿತು.

‘ದ ಟ್ರಾನ್ಸ್‌ಫಾರ್ಮರ್ಸ್: ದ ಮೂವಿ’ ಎಂಬ ಆ ಅನಿಮೇಷನ್ ಚಿತ್ರದ ಹಿಂದಿನ ಲೆಕ್ಕ ಸರಳ: 1984ರ ಆಟಿಕೆಗಳು ಹಳತಾದವು, ಹೊಸವನ್ನು ಮಾರಬೇಕು, ಹಾಗಾಗಿ ಹಳಬರು ಹೋಗಬೇಕು. ಚಿತ್ರ ಶುರುವಾದ ಸ್ವಲ್ಪ ಹೊತ್ತಿಗೇ ಪ್ರೌಲ್, ರ್‍ಯಾಚೆಟ್, ಐರನ್‌ಹೈಡ್ ಮುಂತಾದವರು ಒಬ್ಬೊಬ್ಬರಾಗಿ ಉರುಳುತ್ತಾರೆ. ಆಮೇಲೆ ಆಪ್ಟಿಮಸ್ ಮಲಗಿದಲ್ಲೇ ತನ್ನ ನಾಯಕತ್ವವನ್ನು ಇನ್ನೊಬ್ಬನಿಗೆ ಒಪ್ಪಿಸಿ ಕಣ್ಣು ಮುಚ್ಚುತ್ತಾನೆ. ಅವನ ಕೆಂಪು ನೀಲಿ ಮೈ ಬೂದು ಬಣ್ಣಕ್ಕೆ ತಿರುಗುತ್ತದೆ. ಚಿತ್ರಮಂದಿರಗಳಲ್ಲಿ ಮಕ್ಕಳು ಬಿಕ್ಕಿದರು, ಕೆಲವರನ್ನು ತಂದೆತಾಯಿ ಎತ್ತಿಕೊಂಡು ಹೊರನಡೆದರು. ಹ್ಯಾಸ್ಬ್ರೋಗೆ ದೂರಿನ ಪತ್ರಗಳು ಬಂದವು. ತಾವು ಸರಕು ಬದಲಿಸುತ್ತಿದ್ದೇವೆ ಎಂದುಕೊಂಡವರಿಗೆ, ಮಕ್ಕಳ ಮಟ್ಟಿಗೆ ಇದು ಸಾವು ಎಂಬುದು ಆಗ ತಿಳಿಯಿತು. ಅದೇ ಕಂಪನಿಯ ಜಿ.ಐ. ಜೋ ಚಿತ್ರದಲ್ಲಿ ಡ್ಯೂಕ್ ಎಂಬ ನಾಯಕ ಸಾಯಬೇಕಿತ್ತು. ಈ ಗಲಾಟೆಯ ನಂತರ ಅವನು ಪ್ರಜ್ಞೆ ತಪ್ಪಿದ್ದಾನೆ ಅಷ್ಟೇ ಎಂದು ಮಾತು ತಿದ್ದಿದರು. 1987ರ ಆರಂಭದಲ್ಲಿ ಟಿವಿ ಸರಣಿಯಲ್ಲಿ ಆಪ್ಟಿಮಸ್‌ನನ್ನು ಬದುಕಿಸಿ ಕರೆತಂದರು.

ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಯೂನಿಕ್ರಾನ್ ಎಂಬ ಗ್ರಹಭಕ್ಷಕನಿಗೆ ದನಿ ಕೊಟ್ಟಿದ್ದ ಆರ್ಸನ್ ವೆಲ್ಸ್ ಅದು ಬಿಡುಗಡೆಯಾಗುವ ಹೊತ್ತಿಗೆ ತೀರಿಕೊಂಡಿದ್ದರು. ‘ಸಿಟಿಜನ್ ಕೇನ್’ ಮಾಡಿದ ಮಹಾನುಭಾವರ ಕೊನೆಯ ಪಾತ್ರಗಳಲ್ಲಿ ಇದೂ ಒಂದು. ಆದರೆ ಆ ಸೋತ ಚಿತ್ರವೇ ಅಭಿಮಾನಿಗಳನ್ನು ಬಿಗಿಯಾಗಿ ಕಟ್ಟಿಹಾಕಿತು ಎನ್ನಬೇಕು. ಅದನ್ನು ವಿಡಿಯೋ ಕ್ಯಾಸೆಟ್‌ನಲ್ಲಿ ಮತ್ತೆ ಮತ್ತೆ ನೋಡಿದ ಪೀಳಿಗೆಗೆ ಇವು ಬರೀ ಪ್ಲಾಸ್ಟಿಕ್ಕಾಗಿ ಉಳಿಯಲಿಲ್ಲ. ದುಃಖಪಟ್ಟ ಮೇಲೆ ಒಂದು ವಸ್ತುವನ್ನು ಸುಮ್ಮನೆ ಬಿಟ್ಟುಕೊಡುವುದು ಕಷ್ಟ.

1990ರ ಹೊತ್ತಿಗೆ ಕಂಪನಿಗೇ ದಾರಿ ತಪ್ಪಿದಂತಿತ್ತು. ಆ ವರ್ಷದ ‘ಆ್ಯಕ್ಷನ್ ಮಾಸ್ಟರ್ಸ್’ ಸಾಲಿನ ರೋಬೋಗಳು ರೂಪವನ್ನೇ ಬದಲಿಸುತ್ತಿರಲಿಲ್ಲ. ಮುಂದೆ 1993ರ ‘ಜನರೇಷನ್ 2’ ಮೆಗಾಟ್ರಾನ್‌ನನ್ನು ಪಿಸ್ತೂಲಿನಿಂದ ಟ್ಯಾಂಕ್ ಮಾಡಿತು, ಅದೂ ಬಹಳ ಕಾಲ ಬಾಳಲಿಲ್ಲ. ಈ ಬರಗಾಲದಲ್ಲಿ ದೀಪ ಆರದಂತೆ ನೋಡಿಕೊಂಡವರು ಅಭಿಮಾನಿಗಳು. 1994ರಲ್ಲಿ ಇಂಡಿಯಾನಾ ರಾಜ್ಯದ ಫೋರ್ಟ್ ವೇನ್‌ನಲ್ಲಿ ಅವರೇ ಸೇರಿ ‘ಬಾಟ್‌ಕಾನ್’ ಎಂಬ ಸಮಾವೇಶ ನಡೆಸಿದರು. ಮುಂದೆ ಅದು ವರ್ಷ ವರ್ಷವೂ ನಡೆಯುವ ದೊಡ್ಡ ಕೂಟವಾಯಿತು. ಅಲ್ಲಿಗೆಂದೇ ತಯಾರಾಗುವ ಆಟಿಕೆಗಳಿಗೆ ಸಂಗ್ರಾಹಕರು ಸಾಲು ನಿಂತರು.

1996ರಲ್ಲಿ ‘ಬೀಸ್ಟ್ ವಾರ್ಸ್’ ಬಂದಾಗ ಇದೇ ಬಳಗ ಸಿಡಿದೆದ್ದಿತು. ಕೆನಡಾದ ವ್ಯಾಂಕೂವರ್‌ನಲ್ಲಿ ಕಂಪ್ಯೂಟರ್ ಅನಿಮೇಷನ್ನಿನಲ್ಲಿ ತಯಾರಾದ ಆ ಸರಣಿಯಲ್ಲಿ ರೋಬೋಗಳು ವಾಹನಗಳಾಗದೆ ಪ್ರಾಣಿಗಳಾದವು. ನಾಯಕ ಆಪ್ಟಿಮಸ್ ಪ್ರೈಮಲ್ ಗೊರಿಲ್ಲಾ. ನಮಗೆ ಟ್ರಕ್ ಬೇಕು, ಮಂಗ ಬೇಡ ಎಂದು ಹಳಬರು ಹಟ ಹಿಡಿದರು. ಕಥಾ ಸಂಪಾದಕರಾದ ಬಾಬ್ ಫಾರ್ವರ್ಡ್ ಮತ್ತು ಲ್ಯಾರಿ ಡಿಟಿಲಿಯೋ ಸಿಟ್ಟಾಗಲಿಲ್ಲ. ಅಭಿಮಾನಿಗಳ ಜೊತೆ ಮಾತಿಗೆ ಕೂತರು, ಹಳೆಯ ಕತೆಯ ವಿವರಗಳನ್ನು ಅವರಿಂದಲೇ ಕೇಳಿ ತಿಳಿದರು. ಕೊನೆಗೆ ತಮ್ಮ ಕತೆಯನ್ನು 1984ರ ಕತೆಗೆ ಎಷ್ಟು ಜಾಣತನದಿಂದ ಹೊಸೆದರೆಂದರೆ, ಭೂಮಿಯ ಗರ್ಭದಲ್ಲಿ ಮಲಗಿದ್ದ ಹಳೆಯ ಆಪ್ಟಿಮಸ್‌ನ ಎದುರು ಹೊಸ ಮೆಗಾಟ್ರಾನ್ ಬಂದೂಕು ಹಿಡಿದು ನಿಲ್ಲುವ ದೃಶ್ಯಕ್ಕೆ ಹಟ ಹಿಡಿದವರೂ ಸೋತರು. ಇಡೀ ಪರಂಪರೆಯಲ್ಲಿ ಬರವಣಿಗೆಯ ದೃಷ್ಟಿಯಿಂದ ಬೀಸ್ಟ್ ವಾರ್ಸ್‌ಗೆ ಮೇಲಿನ ಸಾಲಿನಲ್ಲೇ ಜಾಗ.

ಇಲ್ಲಿಂದ ಮುಂದಿನದು ಓದುಗರು ಬರಹಗಾರರಾದ ಕತೆ. ಬ್ರಿಟನ್ನಿನಲ್ಲಿ ಮಾರ್ವೆಲ್‌ನ ಶಾಖೆ ತನ್ನದೇ ಕಾಮಿಕ್ ಅನ್ನು 332 ಸಂಚಿಕೆಗಳವರೆಗೆ ನಡೆಸಿತ್ತು; ಸೈಮನ್ ಫರ್ಮನ್ ಅದರ ಮುಖ್ಯ ಲೇಖಕ. ಅದನ್ನು ಓದಿ ಬೆಳೆದವರಲ್ಲಿ ಜೇಮ್ಸ್ ರಾಬರ್ಟ್ಸ್ ಒಬ್ಬರು. 2001ರಲ್ಲಿ ಅವರು ‘ಯುಜೆನಿಸಿಸ್’ ಎಂಬ ದಪ್ಪ ಕಾದಂಬರಿಯನ್ನು ಅಭಿಮಾನಿಯಾಗಿಯೇ ಬರೆದು ಹಂಚಿದರು. ಸಂಭಾವನೆಯ ಮಾತೇ ಇರಲಿಲ್ಲ. ಒಂಬತ್ತು ವರ್ಷಗಳ ನಂತರ ಅವರು ಅಧಿಕೃತ ಕಾಮಿಕ್‌ಗೆ ಬರೆಯತೊಡಗಿದರು, 2012ರಿಂದ ಐಡಿಡಬ್ಲ್ಯೂ ಪ್ರಕಾಶನಕ್ಕೆ ‘ಮೋರ್ ದ್ಯಾನ್ ಮೀಟ್ಸ್ ದಿ ಐ’ ಮಾಲಿಕೆ ಕಟ್ಟಿದರು. ಅವರು ಆರಿಸಿಕೊಂಡದ್ದು ಮೂಲೆಗೆ ಬಿದ್ದ ಪಾತ್ರಗಳನ್ನು: ಸ್ವರ್ವ್, ಟೇಲ್‌ಗೇಟ್, ವರ್ಲ್, ರಿವೈಂಡ್. ಯುದ್ಧ ಮುಗಿದ ಮೇಲೆ ಸೈನಿಕರು ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಅವರು ಈ ಚಿಲ್ಲರೆ ಪಾತ್ರಗಳ ಬಾಯಲ್ಲಿ ಕೇಳಿಸಿದರು. ರಿವೈಂಡ್ ಮತ್ತು ಕ್ರೋಮ್‌ಡೋಮ್ ಬಾಳಸಂಗಾತಿಗಳೆಂದು ಬರೆದರು. ಎಂದೂ ಟ್ರಾನ್ಸ್‌ಫಾರ್ಮರ್ಸ್ ಮುಟ್ಟದಿದ್ದ ಓದುಗರು, ಅದರಲ್ಲೂ ಯುವತಿಯರು, ಆ ಮಾಲಿಕೆಯ ಮೂಲಕ ಒಳಗೆ ಬಂದರು. ಪೆಟ್ಟಿಗೆಯ ಹಿಂದಿನ ನಾಲ್ಕು ಸಾಲಿನಿಂದ ಬೆಳೆದ ಬಗೆಯಿದು.

2013ರಲ್ಲಿ ಹ್ಯಾಸ್ಬ್ರೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹೊಸ ಪಾತ್ರವೊಂದನ್ನು ಅಭಿಮಾನಿಗಳೇ ಮತ ಹಾಕಿ ರೂಪಿಸಲಿ ಎಂದಿತು. ಮತಗಳೆಲ್ಲ ಸೇರಿ ಹೊರಬಂದವಳು ವಿಂಡ್‌ಬ್ಲೇಡ್: ಹೆಣ್ಣು, ಜೆಟ್ ವಿಮಾನ, ಕೈಯಲ್ಲಿ ಕತ್ತಿ. ಅವಳ ಕಾಮಿಕ್ ಬರೆದವರು ಮೈರೀಡ್ ಸ್ಕಾಟ್, ಚಿತ್ರಿಸಿದವರು ಸಾರಾ ಸ್ಟೋನ್, ಇಬ್ಬರೂ ಮಹಿಳೆಯರು. ಗಂಡುಹುಡುಗರ ಸಾಲು ಎಂದೇ ಅಂಗಡಿಯವರು ಇಟ್ಟಿದ್ದ ಕಪಾಟಿನಲ್ಲಿ ಇದು ಸಣ್ಣ ಮಾತಲ್ಲ.

ಕತೆಯಷ್ಟೇ ಕೈಕೆಲಸವೂ ಈ ಬಳಗವನ್ನು ಹಿಡಿದಿಟ್ಟಿದೆ. 1984ರ ಆಪ್ಟಿಮಸ್‌ನನ್ನು ಎದುರಿಗಿಟ್ಟುಕೊಂಡರೆ ತಿಳಿಯುತ್ತದೆ. ಟ್ರಕ್ಕಿನ ಮುಂಗಾಜೇ ರೋಬೋನ ಎದೆ, ಹಿಂದಿನ ಚಕ್ರಗಳ ಭಾಗ ಕಾಲು, ಪಕ್ಕಗಳು ತೋಳು. ಮುಷ್ಟಿಗಳು ಮಾತ್ರ ಬೇರೆ ತುಂಡುಗಳು. ರೋಬೋ ಆದ ಮೇಲೆ ಸಿಕ್ಕಿಸಬೇಕು. ಮಗುವಿನ ಕೈಯಿಂದ ಮೊದಲು ಕಳೆದುಹೋಗುತ್ತಿದ್ದದ್ದು ಅವೇ. ಇಂದು ಹಳೆಯ ಆಪ್ಟಿಮಸ್‌ಗೆ ಬೆಲೆ ಕಟ್ಟುವವರು ಮೊದಲು ಹುಡುಕುವುದು ಆ ಎರಡು ನೀಲಿ ಮುಷ್ಟಿಗಳನ್ನು. ಬಿಡಿ ಮುಷ್ಟಿಗಳದ್ದೇ ಒಂದು ವ್ಯಾಪಾರವಿದೆ. ಹಳದಿಗಟ್ಟಿದ ಬಿಳಿ ಪ್ಲಾಸ್ಟಿಕ್‌ಗೆ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬಣ್ಣ ಮರಳಿಸುತ್ತಾರೆ. ಸುಲಿದ ಸ್ಟಿಕ್ಕರ್‌ಗಳನ್ನು ಮತ್ತೆ ಮುದ್ರಿಸುತ್ತಾರೆ. ಸಡಿಲ ಕೀಲುಗಳನ್ನು ಬಿಗಿ ಮಾಡುತ್ತಾರೆ. ಹೊನ್ನಿನ ಮಿರುಗು ಬೆರೆಸಿದ ಒಂದು ಬಗೆಯ ಪ್ಲಾಸ್ಟಿಕ್‌ಗೆ ಮಾತ್ರ ಮದ್ದಿಲ್ಲ. 1980ರ ದಶಕದ ಕೊನೆಯಿಂದ ಕೆಲವು ಆಟಿಕೆಗಳಲ್ಲಿ ಬಳಸಿದ ಆ ಸರಕು ವರ್ಷಗಳು ಕಳೆದಂತೆ ಪೆಡಸಾಗಿ, ಪೆಟ್ಟಿಗೆ ತೆರೆಯದೆ ಇಟ್ಟಿದ್ದರೂ, ಮುಟ್ಟಿದೊಡನೆ ಪುಡಿಯಾಗುತ್ತದೆ. ಸಂಗ್ರಾಹಕರು ಯಾವ ಯಾವ ಆಟಿಕೆಗೆ ಈ ರೋಗವಿದೆ ಎಂಬ ಪಟ್ಟಿಯನ್ನೇ ಮಾಡಿಟ್ಟುಕೊಂಡಿದ್ದಾರೆ.

ಬೆಳೆದ ಮಕ್ಕಳ ಕೈಯಲ್ಲಿ ದುಡ್ಡಿದೆ ಎಂಬುದು ಕಂಪನಿಗಳಿಗೂ ಗೊತ್ತಾಯಿತು. 2003ರ ಡಿಸೆಂಬರ್‌ನಲ್ಲಿ ತಕಾರಾ ‘ಮಾಸ್ಟರ್‌ಪೀಸ್’ ಸಾಲಿನ ಮೊದಲ ಆಪ್ಟಿಮಸ್ ತಂದಿತು. ಕಾರ್ಟೂನಿನಲ್ಲಿ ಕಂಡ ಆಕಾರಕ್ಕೆ ಹತ್ತಿರದ, ಲೋಹದ ಭಾಗಗಳಿರುವ, ವಯಸ್ಕರಿಗೆಂದೇ ಮಾಡಿದ ಆಟಿಕೆ. ಅಷ್ಟೂ ಸಾಲದಾದಾಗ ಪರವಾನಗಿಯಿಲ್ಲದ ಸಣ್ಣ ತಯಾರಕರು ಹುಟ್ಟಿಕೊಂಡರು. ಹೆಸರು ಮರೆಸಿ, ರೂಪ ಉಳಿಸಿ, ಅಭಿಮಾನಿಗಳು ಬಯಸಿದ ಪಾತ್ರಗಳನ್ನು ಮಾಡಿ ಮಾರಿದರು. ಇದು ಹಕ್ಕುಸ್ವಾಮ್ಯದ ಮಸುಕು ಗೆರೆಯ ಮೇಲಿನ ವ್ಯಾಪಾರ. ಮೂಲ ವಿನ್ಯಾಸಕರಿಗೆ ಅದರಿಂದ ಚಿಕ್ಕಾಸೂ ಸಲ್ಲುವುದಿಲ್ಲ ಎಂಬುದನ್ನು ಕೊಳ್ಳುವವರು ನೆನಪಿಡಬೇಕು. 2019ರಲ್ಲಿ ಹ್ಯಾಸ್ಬ್ರೋ ತಾನೇ ಒಂದು ಪರೀಕ್ಷೆಗೆ ಇಳಿಯಿತು: ಸುಮಾರು 575 ಡಾಲರ್ ಮುಂಗಡ ಕೊಡಲು 8,000 ಮಂದಿ ಮುಂದೆ ಬಂದರೆ ಎರಡಡಿಗೂ ಎತ್ತರದ ಯೂನಿಕ್ರಾನ್ ಮಾಡುತ್ತೇವೆ ಎಂದಿತು. ಗಡುವು ವಿಸ್ತರಿಸಬೇಕಾಯಿತು, ಆದರೆ ಅಷ್ಟು ಮಂದಿ ಬಂದರು. 1986ರಲ್ಲಿ ಗಲ್ಲಾಪೆಟ್ಟಿಗೆಯಲ್ಲಿ ಬಿದ್ದ ಚಿತ್ರದ ಖಳನಿಗೆ ಸಂದ ಮೊತ್ತವಿದು.

ಹೊಸಬರ ಸರದಿಯೂ ನಿಂತಿಲ್ಲ. 2023ರಲ್ಲಿ ಸ್ಕೈಬೌಂಡ್ ಪ್ರಕಾಶನಕ್ಕಾಗಿ ಡೇನಿಯಲ್ ವಾರನ್ ಜಾನ್ಸನ್ ಹೊಸ ಕಾಮಿಕ್ ಶುರುಮಾಡಿದರು. ಕುಸ್ತಿಯ ಹುಚ್ಚಿನ ಆ ಕಲಾವಿದರು ಆಪ್ಟಿಮಸ್‌ನ ಕೈಯಲ್ಲಿ ಅಖಾಡದ ಪಟ್ಟುಗಳನ್ನೇ ಹಾಕಿಸಿದರು. ಮರುವರ್ಷ ಅಮೆರಿಕದ ಕಾಮಿಕ್ ಲೋಕದ ಐಸ್ನರ್ ಪ್ರಶಸ್ತಿಗಳಲ್ಲಿ ಉತ್ತಮ ಮಾಲಿಕೆಯ ಗೌರವ ಅದಕ್ಕೆ ಸಂದಿತು. ಆಟಿಕೆ ಮಾರಲು ಹುಟ್ಟಿದ ಕತೆಯೊಂದು ಕಾಮಿಕ್ ಆಗಿಯೇ ಮನ್ನಣೆ ಪಡೆದದ್ದು ಬುಡಿಯಾನ್ಸ್ಕಿ ಅವರ ಪೀಳಿಗೆಗೂ ಸಲ್ಲಬೇಕಾದ ಗೌರವ.

ಇನ್ನೂ ಬಗೆಹರಿಯದ ವಿಷಯವೆಂದರೆ ದನಿಯದು. 2007ರಲ್ಲಿ ಮೈಕಲ್ ಬೇ ಅವರ ಚಿತ್ರ ತಯಾರಾಗುವಾಗ ಆಪ್ಟಿಮಸ್‌ಗೆ ಕಲನ್ ಅವರೇ ಬೇಕೆಂದು ಅಭಿಮಾನಿಗಳು ಪಟ್ಟು ಹಿಡಿದಿದ್ದರು, ಹಾಗೇ ಆಯಿತು. 2020ರ ನೆಟ್‌ಫ್ಲಿಕ್ಸ್ ಸರಣಿಯಲ್ಲಿ ಬೇರೆ ದನಿ ಬಂದಾಗ ಬಹಳ ಮಂದಿ ಮುನಿಸಿಕೊಂಡರು. 2024ರ ‘ಟ್ರಾನ್ಸ್‌ಫಾರ್ಮರ್ಸ್ ಒನ್’ ಚಿತ್ರದಲ್ಲಿ ಎಳೆಯ ಆಪ್ಟಿಮಸ್‌ಗೆ ದನಿ ಕೊಟ್ಟವರು ಕ್ರಿಸ್ ಹೆಮ್ಸ್‌ವರ್ತ್. ಕಲನ್ ಹುಟ್ಟಿದ್ದು 1941ರಲ್ಲಿ. ಅವರ ನಂತರ ಆ ಟ್ರಕ್ಕಿಗೆ ಯಾರ ದನಿ ಎಂಬ ಚರ್ಚೆ ಅಭಿಮಾನಿಗಳ ನಡುವೆ ಈಗಾಗಲೇ ಬಿಸಿಯೇರಿದೆ. ಹ್ಯಾಸ್ಬ್ರೋ ಯಾರನ್ನೇ ಆರಿಸಲಿ, ಮೊದಲು ಆ ಬಳಗವನ್ನು ಒಪ್ಪಿಸಬೇಕಾಗುತ್ತದೆ.